ಮಾಮಿಯ ಮುಖದಲ್ಲಿ ಗಾಯವಿರಲಿಲ್ಲ

ನೆಗಡಿ ಬಿಡುತ್ತಿಲ್ಲವೆಂದು ಹೋದರೆ ಡಾಕ್ಟರು ಮೂಗು ತೊಳೆಯಲು ಒಂದು ಪ್ಲಾಸ್ಟಿಕ್ ಬಾಟಲಿ ಕೊಟ್ಟರು. ಮೊನ್ನೆ ಸಿಂಕಿಗೆ ಬಗ್ಗಿ ಉಪ್ಪುನೀರು ಬಿಟ್ಟುಕೊಂಡೆ. ಮೂಗಿನಿಂದ ಗಂಟಲಿಗೆ ಉಪ್ಪು ಇಳಿಯುತ್ತಿದ್ದ ಹಾಗೆಯೇ ಮದರಾಸಿನ ಕೀಲ್ಪಾಕ್‌ನ ಕೆಳಮನೆ ಮಾಮಿ ನೆನಪಾದರು...

ಮೈಸೂರಿನಿಂದ ಹೊಸದಾಗಿ ಹೋಗಿದ್ದ ನಮಗೆ ಅವರೇ ಮನೆಯ ಒಡತಿ. ತಲೆಮಾರುಗಳಿಂದ ಮದರಾಸಿನಲ್ಲೇ ಇದ್ದ ಮಾಧ್ವರು. ಯಜಮಾನರು ತೀರಿಹೋಗಿದ್ದರು. ಮಗ, ಸೊಸೆ ಇಬ್ಬರೂ ಆಫೀಸಿಗೆ ಹೋಗುವವರು, ಅಡುಗೆಮನೆ ಮಾಮಿಯದೇ.

ಎರಡು ಸಾವಿರದ ಇಸವಿಯ ಆಚೆಈಚೆ ಇರಬೇಕು, ಅವರ ಎಡಗಣ್ಣು ನಿಧಾನವಾಗಿ ಮುಂದಕ್ಕೆ ಬರತೊಡಗಿತು. ಒಂದು ದೀಪ ಎರಡಾಗಿ ಕಾಣುತ್ತಿತ್ತು. ಸ್ಕ್ಯಾನ್ ಮಾಡಿದರೆ ಕಣ್ಣಿನ ಹಿಂದೆ, ಮೂಗಿನ ಪಕ್ಕಕ್ಕೆ ಒಂದು ಗಂಟು. ಕ್ಯಾನ್ಸರಿನಂತೆ ಕಾಣುವುದಿಲ್ಲ, ಆದರೆ ಬಿಟ್ಟರೆ ನೋಟ ಹೋಗುತ್ತದೆ ಎಂದರು. ಒಬ್ಬ ಡಾಕ್ಟರು ಹುಬ್ಬಿನ ಪಕ್ಕ ಕೊಯ್ದು ತೆಗೆಯಬೇಕೆಂದರು. ಇನ್ನೊಬ್ಬರು, ಮೂಗಿನೊಳಗಿಂದಲೇ ಸಣ್ಣ ಕ್ಯಾಮೆರಾ ತೂರಿಸಿ ತೆಗೆಯಬಹುದು, ಮುಖಕ್ಕೆ ಗಾಯವಾಗದು, ಆದರೆ ಇದು ಹೊಸದು, ವಾಸನೆ ತಿಳಿಯುವುದು ಹೋದರೂ ಹೋಗಬಹುದು ಎಂದರು.

ಮಗನಿಗೆ ಹಳೆಯ ದಾರಿಯೇ ಸರಿ ಎನಿಸಿತು. ಮಾಮಿಗೆ ಕೂತಲ್ಲಿ ಕೂರಲಾಗದು. ಮೆಟ್ಟಿಲು ಹತ್ತಿ ನಮ್ಮ ಮನೆಗೆ ಬರುವರು, ಇಳಿಯುವರು, ಮತ್ತೆ ಬರುವರು.

"ಮುಖದಲ್ಲಿ ಗಾಯ ಇದ್ರೆ ಕಂಡೋರೆಲ್ಲ 'ಎನ್ನ ಆಚ್ಚು ಮಾಮಿ, ಎನ್ನ ಆಚ್ಚು' ಅಂತ ಕೇಳ್ತಾರಮ್ಮಾ. ನಮ್ಮ ಯಜಮಾನರು ಹೋದಾಗ ಏನಾಯ್ತು, ಹೇಗಾಯ್ತು ಅಂತ ಹೇಳೀ ಹೇಳೀ ಸಾಕಾಗಿದೆ. ಮೂಗಲ್ಲೇ ತೆಗೀಲಿ, ಪರವಾಯಿಲ್ಲೆ."

ಆಪರೇಷನ್ ದಿನ ನಾನೂ ಹೋಗಿದ್ದೆ. ಹೇಳಿದ್ದಕ್ಕಿಂತ ಬಹಳ ಹೊತ್ತಾಯಿತು. ಬಾಗಿಲು ತೆರೆದಾಗಲೆಲ್ಲ ಮಗನೂ ನಾನೂ ಎದ್ದು ನಿಲ್ಲುತ್ತಿದ್ದೆವು. ಕೊನೆಗೆ ಡಾಕ್ಟರು ಬಂದು, ಗಂಟು ಪೂರ್ತಿ ಬಂತು ಎಂದರು. ಮಗ ಗೋಡೆಗೆ ಒರಗಿ ಅತ್ತುಬಿಟ್ಟ.

ಕಣ್ಣು ತನ್ನ ಜಾಗಕ್ಕೆ ಮರಳಿತು. ಕೆಲವು ವಾರಗಳಲ್ಲಿ ದೀಪವೂ ಒಂದಾಯಿತು. ಮಾಮಿ ದಿನವೂ ಸಿರಿಂಜಿನಲ್ಲಿ ಉಪ್ಪುನೀರು ಬಿಟ್ಟು ಮೂಗು ತೊಳೆದುಕೊಳ್ಳುತ್ತಿದ್ದರು, ಅಷ್ಟೇ. ಯಾರೂ ಏನೂ ಕೇಳಲಿಲ್ಲ.

ಒಂದು ಬೆಳಿಗ್ಗೆ, ಮಗ ಸೊಸೆ ಹೊರಟ ಮೇಲೆ, ಹಾಲಿನ ಪಾತ್ರೆ ಹಿಡಿದು ಮೇಲೆ ಬಂದರು.

"ಸ್ವಲ್ಪ ಮೂಸಿ ನೋಡಮ್ಮಾ. ಕೆಟ್ಟಿದ್ಯಾ?"

ಕೆಟ್ಟಿತ್ತು. ನನ್ನ ಮುಖ ನೋಡಿಯೇ ಅವರಿಗೆ ತಿಳಿಯಿತು.

"ಮನೇಲಿ ಹೇಳ್ಬೇಡ. ಅಡುಗೆಮನೆ ಬಿಡಿಸಿಬಿಡ್ತಾರೆ."

ಅಂದಿನಿಂದ ಹಾಲು, ಹುಳಿ, ತುಪ್ಪ ಎಲ್ಲ ಮೇಲೆ ಬರತೊಡಗಿದವು. ನನಗೋ ಗ್ಯಾಸ್ ಸೋರಿದರೂ ಅವರಿಗೆ ತಿಳಿಯದಲ್ಲ ಎಂಬ ಚಿಂತೆ. ಏನೋ ನೆಪ ಮಾಡಿಕೊಂಡು ದಿನಕ್ಕೆ ನಾಲ್ಕು ಸಲ ಕೆಳಗಿಳಿದು ಒಲೆ ನೋಡಿ ಬರುತ್ತಿದ್ದೆ. ಆಮೇಲೆ ನಮ್ಮ ಯಜಮಾನರಿಗೆ ವರ್ಗವಾಗಿ ನಾವು ಊರು ಬಿಟ್ಟೆವು...

ಹೋದ ವರ್ಷ ಮಾಮಿ ತೀರಿಕೊಂಡರೆಂದು ಮಗ ಫೋನ್ ಮಾಡಿದ. "ಕೊನೇವರೆಗೂ ಅಮ್ಮಾನೇ ಸಮೆಯಲ್ ಮಾಡಿದ್ರು ಅಕ್ಕಾ, ಯಾರನ್ನೂ ಅಡುಗೆಮನೆ ಒಳಗೆ ಬಿಡ್ಲಿಲ್ಲ" ಎಂದ. ನಾನು ಹೂಂ ಎಂದೆ. ನಾವು ಊರು ಬಿಟ್ಟಮೇಲೆ ಯಾರ ಬಾಗಿಲು ತಟ್ಟಿದರೋ, ಅಥವಾ ತಟ್ಟದೆ ಹೆದರಿಕೊಂಡೇ ಬಡಿಸಿದರೋ... ಕೇಳೋಣವೆಂದರೆ ಮಾಮಿ ಇಲ್ಲ. ಮಗನಿಗೆ ಇಂದಿಗೂ ಗೊತ್ತಿಲ್ಲ.