ಹೊಗೆ ಹಾಕಿದ ತೋಟದ ಹೂವು

ಶ್ರೀನಿವಾಸಪುರದ ಕಡೆ ಮಾವಿನ ಮಾತೆತ್ತಿದರೆ ಚಿಕ್ಕವೆಂಕಟಪ್ಪನನ್ನು ತಡೆಯುವವರಿಲ್ಲ. ಮಗಳ ಮದುವೆ ದಿನವೂ ಆಸಾಮಿ ಬೀಗರನ್ನು ತೋಟಕ್ಕೆ ಎಳೆದೊಯ್ದು ಎಲೆ ಮುರಿದು ತೋರಿಸಿದ್ದ. ಬಲಿತ ಎಲೆ ಪಟ್ಟೆಂದು ಮುರಿಯಬೇಕು, ಆಮೇಲೆ ಚಳಿ ಬಿದ್ದಾಗ ಮರದಡಿ ತರಗೆಲೆಯ ಹೊಗೆ ಹಾಕಬೇಕು, ಹೂವು ತಾನಾಗಿ ಬರುತ್ತದೆ. ಅಪ್ಪ ಕಲಿಸಿದ ವಿದ್ಯೆ.

ಈಚೆಗೆ ಚಳಿಗೇ ಹೊತ್ತುಗೊತ್ತಿಲ್ಲ. ಊರವರೆಲ್ಲ ಹೂ ಬರಿಸುವ ಔಷಧಿಯನ್ನು ಬುಡಕ್ಕೆ ಹುಯ್ದರು, ಮರಗಳು ಸೊರಗಿದವು. ಔಷಧಿ ಮುಟ್ಟದೆ ಉಳಿದದ್ದು ಚಿಕ್ಕವೆಂಕಟಪ್ಪನ ತೋಟವೊಂದೇ. ಅದಕ್ಕೇ, ಬರೀ ಹೊಗೆಗೆ ಹೂವು ಬರುತ್ತದೆಯೇ ಎಂದು ಪರೀಕ್ಷಿಸಲು, ಮಾವಿನ ವಿಜ್ಞಾನಿ ಶಿರೀಷಾ ಮುಂಗಾರಿಗೆ ಮೊದಲೇ ಅವನನ್ನು ಹುಡುಕಿಕೊಂಡು ಬಂದರು. ಮರಕ್ಕೆ ಚಳಿ ಅಳೆಯುವ ಪೆಟ್ಟಿಗೆ ಕಟ್ಟಿಸಿದರು.

"ಯಜಮಾನ್ರೇ, ಎಲೆ ನೀವು ನೋಡಿ, ಚಳಿ ನಾನು ನೋಡ್ತೀನಿ. ಇಬ್ರೂ ಹೂಂ ಅಂದ ದಿನ ಹೊಗೆ ಹಾಕೋಣ. ಔಷಧಿ ಮಾತ್ರ ಒಂದು ತೊಟ್ಟೂ ಬೇಡ."

ತೋಟದ ಉಸ್ತುವಾರಿ ನೋಡುವ ತಮ್ಮ ಮುನಿಯಲ್ಲಪ್ಪನೂ ತಲೆಯಾಡಿಸಿದ.

ಇಬ್ಬರೂ ಹೂಂ ಅಂದ ದಿನ ಹೊಗೆ ಹಾಕಿದರು. ಮರದ ತುಂಬ ಹೂವೋ ಹೂವು! ಚಿಕ್ಕವೆಂಕಟಪ್ಪ ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದ. ತಾವೂ ಔಷಧಿ ಬಿಡಬಹುದೇ ಎಂದು ಸುತ್ತಲಿನ ರೈತರು ನೋಡಲು ಹೊರಟರು.

ಅವರು ಬರಬೇಕಿದ್ದ ಬೆಳಿಗ್ಗೆ ಚಿಕ್ಕವೆಂಕಟಪ್ಪ ಕೊಂಬೆ ಬಗ್ಗಿಸಿ ನೋಡಿದ. ಗೊಂಚಲು ಕುಳ್ಳಗೆ, ಒತ್ತೊತ್ತಾಗಿತ್ತು. ಔಷಧಿ ಕುಡಿದ ಮರದ ಹೂವೇ ಹಾಗೆ. ಹಿಗ್ಗಿನಲ್ಲಿ ಅವನು ಹತ್ತಿರದಿಂದ ನೋಡಿಯೇ ಇರಲಿಲ್ಲ.

ಸಿಟ್ಟು ಬಂದರೆ ಅವನ ಬಾಯಿಗೆ ತೆಲುಗೇ ಬರುವುದು. ತಮ್ಮನನ್ನು ಕರೆದು ಗೊಂಚಲು ತೋರಿಸಿದ. "ಏಮಿರಾ ಇದಿ? ಏನೋ ಇದು?"

ಮುನಿಯಲ್ಲಪ್ಪ ನೆಲ ನೋಡಿದ. "ಹೂವು ಬರ್ದಿದ್ರೆ ಊರೋರ ಮುಂದೆ ನಿನ್ ಮಾನ ಹೋಗ್ತಿತ್ತಣ್ಣ. ಮಳೆಗಾಲದಲ್ಲೇ ಹುಯ್ದುಬಿಟ್ಟೆ."

"ನನ್ ಮೇಲೆ ನಂಬ್ಕೆ ಇರ್ಲಿಲ್ಲ ಅನ್ನು."

"ಸುಮ್ನಿರಣ್ಣ. ಯಾರ್ಗೂ ಗೊತ್ತಾಗಲ್ಲ."

ಹೊರಗಿನವನು ಮಾಡಿದ್ದರೆ ಚಿಕ್ಕವೆಂಕಟಪ್ಪ ಬೈದು ಹಗುರಾಗಬಹುದಿತ್ತು. ಬುಡಕ್ಕಿಳಿದ ಔಷಧಿ ಒಂದು ವರ್ಷಕ್ಕೆ ಬಿಟ್ಟುಹೋಗುವಂಥದ್ದಲ್ಲ. ಅಪ್ಪನ ಹೊಗೆಗೆ ಈ ಕಾಲದಲ್ಲೂ ಹೂವು ಬರುತ್ತದೆಯೇ ಎಂದು ನೋಡಲು ಇನ್ನು ಯಾವ ತೋಟವಿದೆ?

ರೈತರು ಬಂದರು, ಜೊತೆಗೆ ಶಿರೀಷಾ. ಅವನು ಕೊಂಬೆ ಬಗ್ಗಿಸಿ ಹಿಡಿದ.

"ಮೇಡಂ, ಈ ಹೂವು ಹೊಗೆದಲ್ಲ. ಬುಡಕ್ಕೆ ಔಷಧಿ ಬಿದ್ದದೆ. ಹುಯ್ದೋರು ನಮ್ಮನೇಯೋರೇ."

ಶಿರೀಷಾ ಗೊಂಚಲನ್ನು ಮುಟ್ಟಿ ನೋಡಿದರು. ಬಂದ ರೈತರಲ್ಲೊಬ್ಬ, ದೊಡ್ಡಮುನಿಯಪ್ಪ, ಹಿಂದಿನಿಂದ ನಕ್ಕ. "ನಿಮ್ ಹೊಗೆನ ನಿಮ್ಮನೇಯೋರೇ ನಂಬ್ಲಿಲ್ಲ. ನಾವೆಂಗಪ್ಪ ನಂಬೋದು?"

ರೈತರು ಒಬ್ಬೊಬ್ಬರಾಗಿ ಹೊರಟರು. ಇನ್ನು ಚಳಿ ಅಳೆದು ಪ್ರಯೋಜನವಿಲ್ಲವೆಂದು ಶಿರೀಷಾ ಮರದ ಪೆಟ್ಟಿಗೆ ಬಿಚ್ಚಲು ಹೋದರೆ ಗಂಟು ಸಡಿಲಲಿಲ್ಲ. ಕಟ್ಟಿದ್ದವನು ಮುನಿಯಲ್ಲಪ್ಪ, ಬಿಚ್ಚಲೂ ಅವನೇ ಬಂದ. ಚಿಕ್ಕವೆಂಕಟಪ್ಪ ತಮ್ಮನಿಗೆ ಜಾಗ ಬಿಟ್ಟು ದೂರ ನಿಂತ.