ಒಂಬತ್ತು ವೇಗ

ಮಲ್ಕಾಜ್‌ಗಿರಿಯ ನಮ್ಮ ಮನೆ ಮೂರನೆಯ ಮಹಡಿಯಲ್ಲಿತ್ತು. ಲಿಫ್ಟ್ ಇರಲಿಲ್ಲ, ಐವತ್ತೆಂಟು ಮೆಟ್ಟಿಲು. ಮದುವೆಯಾಗಿ ಈ ತೆಲುಗು ಊರಿಗೆ ಬಂದ ಹೊಸದರಲ್ಲಿ ಎರಡೆರಡು ಹಾರಿ ಇಳಿಯುತ್ತಿದ್ದೆ. ನಲವತ್ತೇಳರ ಹೊತ್ತಿಗೆ ಮೊಣಕಾಲು ಸವೆದಿತ್ತು, ಮೈ ತೊಂಬತ್ನಾಲ್ಕು ಕಿಲೋಗೆ ಬಂದಿತ್ತು. ತರಕಾರಿಯವಳ ಜೊತೆಗಿನ ನನ್ನ ಮಾತುಕತೆಯೆಲ್ಲ ಬಾಲ್ಕನಿಯಿಂದ ಹಗ್ಗಕ್ಕೆ ಕಟ್ಟಿ ಬಿಡುವ ಬುಟ್ಟಿಯ ಮೂಲಕವೇ ನಡೆಯುತ್ತಿತ್ತು. ಆ ವರ್ಷ ದಸರೆಯಿಂದ ಸಂಕ್ರಾಂತಿಯವರೆಗೆ ನಾಲ್ಕು ಸಲ ಕೆಳಗಿಳಿದೆ, ನಾಲ್ಕೂ ಸಲ ಡಾಕ್ಟರ ಹತ್ತಿರ ಹೋಗಲು.

'ಇಳೀಬೇಕು' ಎಂಬುದು ನಮ್ಮ ಮನೆಯ ಜಪವಾಗಿತ್ತು. ಯಜಮಾನರು ರೈಲ್ವೆಯಲ್ಲಿ ಗಾಡಿಗಳು ಬಂದು ಹೋದ ಹೊತ್ತನ್ನು ಬರೆದಿಡುವ ಕೆಲಸದವರು. ದಿನಾ ಬೆಳಿಗ್ಗೆ ನನ್ನನ್ನೂ ತೂಕದ ಯಂತ್ರದ ಮೇಲೆ ನಿಲ್ಲಿಸಿ, ಗಾಡಿ ತಡವಾಗಿ ಬಂದ ಮುಖ ಮಾಡುತ್ತಿದ್ದರು. ಮಾದಾಪುರದ ಒಂದು ಆಸ್ಪತ್ರೆಯಲ್ಲಿ ಹೊಟ್ಟೆಯ ಚೀಲವನ್ನೇ ಕತ್ತರಿಸಿ ಸಣ್ಣದು ಮಾಡುವ ಆಪರೇಷನ್ ವಿಚಾರಿಸಿ ಬಂದಿದ್ದರು. ನನಗೆ ಜೀವ ಹೋಗುವಷ್ಟು ಹೆದರಿಕೆ. ಆದರೆ ಬೇಡ ಎನ್ನಲಿಲ್ಲ. "ಮೊದಲ ಆಯುರ್ವೇದ ನೋಡೋಣ್ರಿ" ಎಂದೆ. ಅದರಲ್ಲೂ ಇಳಿಯದಿದ್ದರೆ ಮಾದಾಪುರ ಎಂದು ಮಾತಾಯಿತು.

ವೈದ್ಯರು ಬೀದರ ಕಡೆಯವರು. ವಿರೇಚನ ಮಾಡಬೇಕೆಂದರು. ಮೊದಲು ಕೆಲವು ದಿನ ಔಷಧದ ತುಪ್ಪ ಕುಡಿಯಬೇಕು, ಆಮೇಲೆ ಎಣ್ಣೆ ತಿಕ್ಕಿಸಿಕೊಂಡು ಬೆವರಬೇಕು, ಕೊನೆಗೆ ಒಂದು ಲೇಹ್ಯ ನುಂಗಿ ಹೊಟ್ಟೆಯನ್ನು ಪೂರಾ ತೊಳೆದುಕೊಳ್ಳಬೇಕು. "ಎಷ್ಟು ವೇಗ ಆದವು ಅಂತ ಬರದಿಡ್ರಿ, ಇಪ್ಪತ್ತು ಆದ್ರ ಚಲೋ" ಎಂದರು.

"ವೇಗ ಅಂದ್ರ, ತಾಸಿಗೆ ಎಷ್ಟ್ರಿ?" ಎಂದು ಯಜಮಾನರು ಕೇಳಿದರು.

ವೈದ್ಯರು ನಗಲಿಲ್ಲ. ವೇಗ ಎಂದರೆ ಒಂದು ಸಲ ಕಕ್ಕಸಿಗೆ ಹೋಗಿ ಬರುವುದು ಎಂದು ವಿವರಿಸಿದರು.

ತುಪ್ಪದ ವಾರ ಶುರುವಾಯಿತು. ದಪ್ಪಗಿರುವವಳಿಗೆ ಬೆಳಿಗ್ಗೆದ್ದು ಲೋಟಗಟ್ಟಲೆ ತುಪ್ಪ ಕುಡಿಸುವುದು ಯಾವ ನ್ಯಾಯವೋ. ದಿನದಿಂದ ದಿನಕ್ಕೆ ಅಳತೆ ಏರುತ್ತಿತ್ತು, ಹಸಿವು ಸತ್ತಿತ್ತು. ತೇಗಿದರೆ ತುಪ್ಪ, ಬೆವರಿದರೆ ತುಪ್ಪ, ದಿಂಬಿಗೂ ತುಪ್ಪದ ವಾಸನೆ. ಕಿಟಕಿಯಿಂದ ಸ್ಟೇಷನ್ನಿನ ಕಡೆ ಹೋಗುವ ಹೆಂಗಸರನ್ನು ನೋಡುತ್ತ, ಅವರ ಚಪ್ಪಲಿಯ ಮೇಲೆ ಹೊಟ್ಟೆಕಿಚ್ಚು ಪಡುತ್ತ ಕೂತಿರುತ್ತಿದ್ದೆ.

ಲೇಹ್ಯದ ದಿನ ಯಜಮಾನರು ರಜೆ ಹಾಕಿದರು. ಬಚ್ಚಲಿನ ಹೊರಗೆ ಕುರ್ಚಿ ಹಾಕಿಕೊಂಡು, ಕ್ಯಾಲೆಂಡರನ್ನು ತೊಡೆಯ ಮೇಲಿಟ್ಟುಕೊಂಡು, ಪೆನ್ಸಿಲ್ ಹಿಡಿದು ಕೂತರು. ನಾನು ಹೊರಬಂದಾಗೊಮ್ಮೆ ಒಂದು ಗೆರೆ ಎಳೆಯುವರು, ಒಂದು ಲೋಟ ಬಿಸಿನೀರು ಕೊಡುವರು, ಒಳಗಿನ ಬಕೀಟು ತುಂಬಿಸುವರು. "ನಾಲ್ಕಾತು. ಐದಾತು." ಎಂಟನೆಯ ಗೆರೆಯ ಹೊತ್ತಿಗೆ ಗೋಡೆ ಹಿಡಿದು ನಡೆಯುತ್ತಿದ್ದೆ. ಒಂಬತ್ತನೆಯದಾದ ಮೇಲೆ ಆಫೀಸಿನಿಂದ ಫೋನು ಬಂತು. ಒಂದು ಸಹಿ ಹಾಕಿ ಅರ್ಧ ತಾಸಿನಲ್ಲಿ ಬರುತ್ತೇನೆ, ಲೆಕ್ಕ ತಪ್ಪಿಸಬೇಡ ಎಂದು ಹೇಳಿ ಹೋದರು. ಹೊಟ್ಟೆ ನೋಯುತ್ತಿದೆಯೇ ಎಂದು ಕೇಳಲಿಲ್ಲ. ನನಗೆ ಅಳು ಬಂತು.

ಆಗಲೇ ಎದುರುಮನೆಯಾಕೆ ಕರಿಬೇವು ಕೇಳಲು ಬಂದಳು. ನನ್ನ ಅವತಾರ ನೋಡಿ ಏನಾಯಿತೆಂದು ಕೇಳಿದಳು. ಆಕೆಯೊಂದಿಗೆ ನನ್ನದು ಇಪ್ಪತ್ತು ವರ್ಷದ ತೆಲುಗು. ಆದರೂ ಆ ಸುಸ್ತಿನಲ್ಲಿ ಬಾಯಿಗೆ ಬಂದದ್ದು ವೈದ್ಯರ ಮಾತು: "ವಿರೇಚನ."

ನಮಗೆ ಅದು ಪಂಡಿತರ ಶಬ್ದ. ತೆಲುಗಿನವರಿಗೆ ವಿರೇಚನಾಲು ಎಂದರೆ ಭೇದಿ, ಕೆಟ್ಟ ಊಟ ಮಾಡಿದವರಿಗೆ ಹತ್ತಿಕೊಳ್ಳುವ ಭೇದಿ. "ವಿರೇಚನಾಲಾ? ಅಯ್ಯೋ, ಒಬ್ಬಳನ್ನೇ ಬಿಟ್ಟು ಹೋದರಾ?" ಎಂದು ತೆಲುಗಿನಲ್ಲಿ ಬೈಯುತ್ತಲೇ ಆಕೆ ತನ್ನ ಮನೆಗೆ ಓಡಿದಳು. ಭೇದಿ ನಿಲ್ಲಿಸುವ ಒಂದು ಗುಳಿಗೆ, ಒಂದು ಬಟ್ಟಲು ಮಜ್ಜಿಗೆ ಅನ್ನ ತಂದಳು. ನನ್ನ ಹಣೆ ಮುಟ್ಟಿ ನೋಡಿ, ಹೊಟ್ಟೆ ಬಹಳ ನೋಯುತ್ತಿದೆಯಾ ಎಂದು ಕೇಳಿದಳು.

ತಪ್ಪು ಎಲ್ಲಾಗಿದೆಯೆಂದು ನನಗೆ ಚೆನ್ನಾಗಿ ತಿಳಿದಿತ್ತು. ಒಂದು ಮಾತು ಹೇಳಿದ್ದರೆ ಸರಿಹೋಗುತ್ತಿತ್ತು. ಹೇಳಲಿಲ್ಲ. ಗುಳಿಗೆ ನುಂಗಿದೆ, ಬಟ್ಟಲನ್ನು ಬೆರಳಿನಿಂದ ಒರೆಸಿ ತಿಂದೆ. ಅಷ್ಟು ರುಚಿಯಾದ ಅನ್ನವನ್ನು ಮತ್ತೆ ತಿಂದಿಲ್ಲ.

ಯಜಮಾನರು ಬರುವಷ್ಟರಲ್ಲಿ ಹೊಟ್ಟೆ ತಣ್ಣಗಾಗಿತ್ತು. ನಿಜ ಹೇಳಿದರೆ ಮಾದಾಪುರ. ಅದಕ್ಕೇ ಹೊತ್ತುಹೊತ್ತಿಗೆ ಬಚ್ಚಲಿಗೆ ಹೋಗಿ, ಕದ ಹಾಕಿಕೊಂಡು, ಹಲ್ಲಿಯನ್ನು ನೋಡುತ್ತ ಸುಮ್ಮನೆ ನಿಂತು ಹೊರಬರತೊಡಗಿದೆ. "ಹತ್ತು" ಎಂದೆ. "ಹನ್ನೊಂದು" ಎಂದೆ. ಅವರು ಗೆರೆ ಎಳೆಯುತ್ತ ಹೋದರು. ಸಂಜೆಯೊಳಗೆ ಇಪ್ಪತ್ತು ಮುಗಿಸಿದೆ. ವೈದ್ಯರು ಫೋನಿನಲ್ಲಿ ಶಹಬ್ಬಾಸ್ ಎಂದರು.

ಆಮೇಲಿನ ಬರೀ ಗಂಜಿ ಕುಡಿಯುವ ಪಥ್ಯದ ದಿನಗಳು ಮುಗಿದಾಗ ಮೂರು ಕಿಲೋ ಇಳಿದಿತ್ತು. ತಿಂಗಳೊಳಗೆ ಮೂರೂ ಮರಳಿ ಬಂದವು, ಜೊತೆಗೆ ಇನ್ನೊಂದನ್ನೂ ಕರೆದುಕೊಂಡು. ಯಜಮಾನರು ಗೋಡೆಯ ಕ್ಯಾಲೆಂಡರ್ ನೋಡಿ ನಿಟ್ಟುಸಿರು ಬಿಟ್ಟರು. "ಇಪ್ಪತ್ತ ಆದರೂ ಇಳೀಲಿಲ್ಲಂದ್ರ ಇನ್ನೇನ ಮಾಡೂದು." ಮಾದಾಪುರದ ದಿನ ನಿಗದಿಯಾಯಿತು. ಗೆರೆಗಳು ಕಡಿಮೆ ಬಿದ್ದಿದ್ದರೆ ಔಷಧ ಸರಿಯಾಗಿ ಆಗಲಿಲ್ಲ ಎನ್ನಬಹುದಿತ್ತು, ಇನ್ನೊಮ್ಮೆ ನೋಡೋಣ ಎನ್ನಬಹುದಿತ್ತು. ಈಗ ಔಷಧದ ತಪ್ಪಿಲ್ಲ, ವೈದ್ಯರ ತಪ್ಪಿಲ್ಲ, ಉಳಿದದ್ದು ನನ್ನ ಮೈ ಒಂದೇ. ನಾನು ಹೆಣೆದ ಬಲೆಯಲ್ಲಿ ನಾನೇ ಬಿದ್ದಿದ್ದೆ.

ಆ ಬೆಳಿಗ್ಗೆ ಕ್ಯಾಬ್ ಕೆಳಗೆ ಬಂದು ನಿಂತಿತ್ತು. ಫೈಲು ಹಿಡಿದು ಮೆಟ್ಟಿಲ ತುದಿಗೆ ಬಂದವಳಿಗೆ ಮುಂದೆ ಕಾಲಿಡಲು ಆಗಲಿಲ್ಲ. ಕೂತುಬಿಟ್ಟೆ.

"ಇಪ್ಪತ್ತ ಆಗಿರಲಿಲ್ಲರಿ" ಎಂದೆ. "ಒಂಬತ್ತ ಆಗಿದ್ದು." ಗುಳಿಗೆಯ ವಿಷಯವನ್ನೂ ಹೇಳಿದೆ.

ಅವರು ಬೀಗ ಹಾಕುತ್ತಿದ್ದರು. ತಿರುಗಲಿಲ್ಲ. "ಗುಳಿಗಿ ಗೊತ್ತಿರಲಿಲ್ಲ. ಒಂಬತ್ತು ಗೊತ್ತಿತ್ತು. ಆಮ್ಯಾಲ ಬಕೀಟಿನ್ಯಾಗ ನೀರ ಕಡಿಮಿ ಆಗಲೇ ಇಲ್ಲ."

"ಮತ್ತ ಗೆರಿ ಯಾಕ ಹೊಡದ್ರಿ?"

"ನೀ ಗ್ವಾಡಿ ಹಿಡದ ನಿಂತಿದ್ದಿ. ನೋಡಾಕ ಆಗಲಿಲ್ಲ. ಲಗೂ ಮುಗೀಲಿ ಅಂತ ಹೊಡದೆ."

ನನಗೆ ಸಿಟ್ಟು ನೆತ್ತಿಗೇರಿತು. ಅಷ್ಟು ಕರುಣೆ ಇದ್ದವರು ಮತ್ತೇಕೆ ಕತ್ತರಿಗೆ ಒಪ್ಪಿಸುತ್ತೀರಿ ಎಂದು ಕೇಳಿದೆ.

"ನೀ ಬ್ಯಾಡ ಅನ್ನಲಿಲ್ಲಲ್ಲ" ಎಂದರು.

ಅದು ಸುಳ್ಳಲ್ಲ. ಇಪ್ಪತ್ತೆರಡು ವರ್ಷ ಎಲ್ಲದಕ್ಕೂ 'ನೋಡೋಣ್ರಿ' ಎಂದವಳು ನಾನು.

"ಬ್ಯಾಡ" ಎಂದೆ. "ನನಗ ಇಳೀಬೇಕಾಗೈತಿ."

"ಅದಕ್ಕ ಅಲ್ಲೇನು ಹೊಂಟಿದ್ದು?"

"ತೂಕ ಅಲ್ಲರಿ. ಕೆಳಗ. ಮೊದಲ ನೆಲಮಟ್ಟದ ಮನಿ ಒಂದ ಹುಡುಕ್ರಿ."

ಅವರು ಹಾಕಿದ ಬೀಗವನ್ನು ಮತ್ತೆ ತೆಗೆದರು. ಆಮೇಲೆ ನನ್ನ ಕೈಯಿಂದ ಫೈಲು ತೆಗೆದುಕೊಂಡು, ನನ್ನನ್ನು ದಾಟಿ, ಕ್ಯಾಬ್ ಕಳಿಸಿ ಬರಲು ಇಳಿದು ಹೋದರು. ಅವರ ಚಪ್ಪಲಿಯ ಸಪ್ಪಳ ಕೆಳಗೆ ಮುಟ್ಟುವವರೆಗೂ ಕೇಳಿಸುತ್ತಿತ್ತು. ನಾನು ಮೊದಲ ಮೆಟ್ಟಿಲ ಮೇಲೆ ಕೂತೇ ಇದ್ದೆ. ಇನ್ನೂ ಐವತ್ತೇಳು ಇದ್ದವು.