ಸಾಲಿಗೆಲ್ಡು ಶ್ರೀ

ನಂಬಾಕಿಲ್ವಾ, ನಂಬಬ್ಯಾಡಿ. ಕ್ಯಾತನಹಳ್ಳಿಲಿ ನಲವತ್ತೊರ್ಸ ಕಬ್ಬು ಕಡ್ದ ಈ ಕೈಲಿ, ಎಪ್ಪತ್ತು ದಾಟುದ್ಮೇಲೆ, ಪುಸ್ತಕ ಓದ್ಕಂಡು ಒಂದು ಪಿಯಾನೋ ಪಾಠ ತಪ್ಪಿಲ್ದಂಗೆ ನುಡುಸ್ಬುಟ್ಟಿವ್ನಿ. ಊರಲ್ಲಿ ಯಾರನ್ನಾದ್ರೂ ಕೇಳುದ್ರೆ ನನ್ನ ಸುಳ್ಳುಬುರುಕ ಅಂತಾರೆ. ಅನ್ಕಳ್ಲಿ.

ಹೋದೊರ್ಸ ನಂಗೆ ಸ್ಟ್ರೋಕ್ ಹೊಡೀತು. ಕಾಲು ಸರಿಯಾಯ್ತು, ಬಾಯೂ ಸರಿಯಾಯ್ತು. ಬಾಯಿ ಮೊದ್ಲಿಗಿಂತ ಜಾಸ್ತಿನೇ ಸರಿಯಾಗ್ಬುಡ್ತು ಅಂತ ನಮ್ಮನೆಯವಳ ಗೋಳು. ಬಲಗೈ ಬೆರಳು ಮಾತ್ರ ಮಾತು ಕೇಳ್ಲಿಲ್ಲ. ಮುದ್ದೆ ಮುರಿಯಾಕಾಗ್ದೆ ಅವಳೇ ಮುರ್ದು, ಸಾರಲ್ಲಿ ಅದ್ದಿ ಬಾಯಿಗಿಡೋಳು. ಡಾಕ್ಟ್ರು, "ಒಂದೊಂದು ಬೆರಳಿಗೂ ಕೆಲ್ಸ ಕೊಡಿ. ಈಗ ಬಿಟ್ರೆ ಹಿಂಗೇ ಸೆಟ್ಕೊಂಡ್ ಬಿಡ್ತವೆ" ಅಂದ್ರು. ಮೊಮ್ಮಗಳು ಆಡಿ ಬುಟ್ಟಿದ್ದ ಕೀಬೋರ್ಡು ಅಟ್ಟದ ಮೇಲಿತ್ತು. ಅದ್ನ ಇಳುಸ್ದೆ. ವಾರಕ್ಕೆಲ್ಡು ದಿನ ಬಸ್ಸತ್ತಿ ಶ್ರೀರಂಗಪಟ್ಣಕ್ಕೆ ಹೊಂಟೆ. ಮದ್ವೆ ಬ್ಯಾಂಡಲ್ಲಿ ನುಡುಸ್ತಿದ್ದ ಸಾಬ್ರೊಬ್ರು ಈಗ ಅಲ್ಲಿ ಮನೇಲೇ ಪಾಠ ಯೋಳ್ಕೊಡ್ತಾವ್ರೆ.

ಐದು ಗೆರೆ ಮ್ಯಾಲೆ ಯಾವ ಚುಕ್ಕಿ ಎಲ್ಲಿ ಕೂತ್ರೆ ಯಾವ ಕೀ ಒತ್ಬೇಕು, ಅದ್ನ ತಿಂಗ್ಳಲ್ಲಿ ಕಲ್ತೆ. ನನ್ನಂಥ ಶಿಷ್ಯ ಸಾಬ್ರಿಗೆ ಸಿಕ್ಕಿರ್ನಿಲ್ಲ. ಕೂತೇಟ್ಗೆ ಪಟಪಟ ಅನ್ಲಿ ಅಂತ ಅವರ ಕುರ್ಚಿ ದಿಂಬಿನ ಕೆಳಗೆ ಕರ್ದ ಹಪ್ಪಳ ಇಟ್ಟ ಶಿಷ್ಯ ಇನ್ಯಾವನವ್ನೆ?

ಆಮೇಲೆ ಒಂದು ಹೊಸ ಪಾಠ ಕೊಟ್ರು. ಅದು ಎಷ್ಟು ನುಡುಸುದ್ರೂ ಹಳಸ್ದ ಸಾರಿನಂಗೆ. ಚುಕ್ಕಿ ಸರಿಯಾಗೇ ಓದ್ತಿವ್ನಿ, ನಾದ ಕೆಡ್ತದೆ. ಬೆರಳು ನಂಗೇ ಗೊತ್ತಿಲ್ದಂಗೆ ಬೇರೆ ಕಡೆ ಬೀಳ್ತಾವೆ ಅಂತ ತಿಳ್ಕಂಡೆ. ಸಾಬ್ರೂ ತಲೆ ಬಗ್ಗುಸ್ಕಂಡು ಕೂತಿರೋರು, ಒಂದು ಮಾತಿಲ್ಲ. ಮೂರು ವಾರ ಇಂಗೇ ಆಯ್ತು. ಸಾಯೋಗಂಟ ಮುದ್ದೆ ನಮ್ಮನೆಯವಳ ಕೈಲೇ ಅಂತ ಮನ್ಸು ಗಟ್ಟಿ ಮಾಡ್ಕಂಡೆ.

"ಬುಡಿ ಸಾಬ್ರೆ, ಇವು ಸತ್ತ ಬೆರಳು. ನಾಳಿಂದ ಬರಾಕಿಲ್ಲ."

"ಕೊನೇಗೊಂದ್ಸಲ ನುಡಿಸಿ ಹೋಗಿ ಗೌಡ್ರೆ."

ಸರಿ ಅಂತ ಪುಸ್ತಕಕ್ಕೆ ಕೈ ಮುಗ್ದು ಶುರು ಮಾಡ್ದೆ. ಎರಡ್ನೇ ಸಾಲಿಗೂ ಮುಗ್ದೆ. ಸಾಬ್ರು ಅವತ್ತೇ ತಲೆ ಎತ್ತಿ ನೋಡಿದ್ದು.

"ಅದ್ಯಾಕೆ ಸಾಲ್ ಸಾಲ್ಗೂ ಕೈ ಮುಗೀತೀರ?"

"ಈ ಪಾಠ ಬರ್ದೋನು ಶ್ರೀ ಬರ್ದವ್ನಲ್ಲ ಸಾಬ್ರೆ. ನಾವಾದ್ರೆ ಕಾಗ್ದದ ನೆತ್ತಿ ಮ್ಯಾಲೆ ಒಂದು ಶ್ರೀ ಬರ್ದು ಸುಮ್ಕಾಯ್ತೀವಿ. ಇವ್ನು ಭಾರೀ ಭಕ್ತ, ಸಾಲಿಗೆಲ್ಡು ಬರ್ದವ್ನೆ."

ಉದ್ದಕ್ಕೆಲ್ಡು ಅಡ್ಡಕ್ಕೆಲ್ಡು ಗೀಟಿನ ಗುರ್ತು, ಎಲ್ಲಾ ಸಾಲಿನ ಮೊದ್ಲಲ್ಲೂ ಎಲ್ಡೆಲ್ಡು ಇದ್ದೊ, ನನ್ನ ಕಣ್ಗೆ ಗೀಚಿ ಬರ್ದ ಶ್ರೀನಂಗೇ ಕಾಣ್ತಿದ್ದೊ. ಸಾಬ್ರು ಅದ್ರ ಮ್ಯಾಲೆ ಬೆರಳಿಟ್ರು.

"ಯಾ ಅಲ್ಲಾ. ಇದು ಶಾರ್ಪು ಗೌಡ್ರೆ. ಇದು ಎಫ್ಫಿಗೆ, ಇದು ಸಿಗೆ. ಈ ಎರಡು ಸ್ವರ ಪಾಠದಲ್ಲಿ ಎಲ್ಲಿ ಬಂದ್ರೂ ಬಿಳಿ ಕೀ ಬಿಟ್ಟು ಬಲಗಡೆ ಕಪ್ಪು ಕೀ ಒತ್ಬೇಕು. ನಿಮ್ಮ ಬೆರಳು ಕಪ್ಪು ಕೀಗೆ ಏಳ್ತಾ ಇಲ್ಲ ಅಂದ್ಕೊಂಡು, ಹೇಳಿದ್ರೆ ನೊಂದ್ಕೋತೀರ ಅಂತ ನಾನು ಬಾಯಿ ಮುಚ್ಕೊಂಡಿದ್ದೆ."

"ಅಂದ್ರೆ ನಾಲೆ ತೂಬು ಇದ್ದಂಗೆ. ಮೇಲ್ಗಡೆ ಒಂದ್ಸಲ ಎತ್ತುದ್ರೆ ಕೆಳಗಿನ ಗದ್ದೆಗೆಲ್ಲ ನೀರು."

"ಹಂಗೇ. ಗದ್ದೆ ಗದ್ದೆಗೂ ಹೋಗಿ ಯಾರು ಹೇಳ್ತಾರೆ?"

ತಿರ್ಗಾ ನುಡುಸ್ದೆ. ಎಫ್ಫು ಬಂತು. ಮಧ್ಯದ ಬೆರಳು ಮೆಲ್ಗೆ ಎದ್ದು ಕಪ್ಪು ಕೀ ಮ್ಯಾಲೆ ಕೂತ್ಕತ್ತು. ಸತ್ತಿರ್ಲಿಲ್ಲ. ಇಷ್ಟು ದಿನ್ವೂ ನಾ ಓದಿದ್ನೇ ಒತ್ತಿದ್ದೊ, ಅಷ್ಟೇಯ. ಅವತ್ತು ಸಾಬ್ರ ಕೈ ಹಿಡ್ಕಂಡು ಎಷ್ಟೊತ್ತು ಕೂತಿದ್ನೋ, ಬಸ್ಸು ತಪ್ಪೋಯ್ತು.

ಇನ್ನೆಲ್ಡು ತಿಂಗ್ಳಿಗೆ ಪಾಠ ಪೂರ್ತಿ ತಪ್ಪಿಲ್ದಂಗೆ ನುಡುಸ್ದೆ. "ಬಸ್, ಇಷ್ಟು ಸಾಕು ಗೌಡ್ರೆ" ಅಂದ್ರು ಸಾಬ್ರು. ಮನೆಗೆ ಬಂದು ಮಧ್ಯಾನದ ಮುದ್ದೆ ನಾನೇ ಮುರ್ದೆ. ನಮ್ಮನೆಯವಳು ಸೆರಗಲ್ಲಿ ಕಣ್ಣೊರ್ಸ್ಕಂಡು, "ಆ ಸಾಬ್ರು ಚೆನ್ನಾಗಿರ್ಲಿ. ಬಾಯಿ ಮುಚ್ಚೋ ಪಾಠ್ವೂ ಇದ್ರೆ ಯೋಳ್ಕೊಡಾಕೆ ಹೇಳಿ" ಅಂದ್ಲು.

ಇಷ್ಟ್ರಲ್ಲಿ ನಾ ಕಟ್ಟಿ ಯೋಳಿದ್ದು ಒಂದೇಯ, ತಪ್ಪಿಲ್ದಂಗೆ ಅಂದಿದ್ದು. ಕೊನೇ ಸಾಲಲ್ಲಿ ಒಂದು ಸಿನ ಬಿಳೀ ಕೀಲೇ ಒತ್ಬುಟ್ಟೆ. ಸಾಬ್ರ ಕಿವೀಗೆ ಅದು ಬಿದ್ದಿತ್ತು, ಆದ್ರೂ ಬಸ್ ಅಂದ್ರು.